ಸೂಲಗಿತ್ತಿಯಿಂದ ಮಿಡ್‌ವೈಫ್‌ವರೆಗೆ: ತಾಯಿಯ ಜೀವ ಕಾಯುವ ವಿದ್ಯೆ

ನೀವು ಹುಟ್ಟಿದಾಗ ಹೆರಿಗೆ ಮಾಡಿಸಿದವರು ಯಾರೆಂದು ನಿಮ್ಮ ಅಮ್ಮಿಯನ್ನು ಒಮ್ಮೆ ಕೇಳಿ ನೋಡಿ. ಡಾಕ್ಟರ ಹೆಸರು ಹೇಳಬಹುದು, ಇಲ್ಲವೇ ಆಸ್ಪತ್ರೆಯ ಹೆಸರು. ಅದೇ ಪ್ರಶ್ನೆಯನ್ನು ನಾನಿಗೋ ದಾದಿಗೋ ಕೇಳಿದರೆ ಉತ್ತರ ಬೇರೆ ಇರುತ್ತದೆ. 'ಮೊಹಲ್ಲಾದ ದಾಯಿ' ಎನ್ನುತ್ತಾರೆ ಅವರು. ಕನ್ನಡದಲ್ಲಿ ಅವಳೇ ಸೂಲಗಿತ್ತಿ.

ತುಮಕೂರು ಜಿಲ್ಲೆ ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರನ್ನು ನೀವು ಕೇಳಿರಬಹುದು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಜ್ಜಿಯಿಂದ ಕಲಿತ ವಿದ್ಯೆಯಿಂದ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ಆ ಕೆಲಸಕ್ಕೆ ಹಣ ಕೇಳಲಿಲ್ಲ. ತುಮಕೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು, ತಮ್ಮ 98ನೆಯ ವಯಸ್ಸಿನಲ್ಲಿ, ನಮ್ಮ ಕೆಂಗೇರಿಯ ಆಸ್ಪತ್ರೆಯೊಂದರಲ್ಲಿ ಅವರು ಕೊನೆಯುಸಿರೆಳೆದರು.

ನರಸಮ್ಮನವರನ್ನು ಗೌರವಿಸೋಣ. ಹಾಗೆಂದು ಮನೆಯಲ್ಲೇ ಹೆರಿಗೆ ಮಾಡಿಸಿಕೊಳ್ಳುವುದು ಒಳ್ಳೆಯದೆಂದು ಯಾರೂ ಭಾವಿಸಬಾರದು. ಅವರ ಕೈಗುಣ ಎಲ್ಲರಿಗೂ ಇರುವುದಿಲ್ಲ. ಕೈಗುಣ ಇದ್ದರೂ ರಕ್ತಸ್ರಾವ ಶುರುವಾದರೆ ಮನೆಯಲ್ಲಿ ರಕ್ತದ ಬಾಟಲಿ ಇರುವುದಿಲ್ಲ. ಸೂಲಗಿತ್ತಿಯ ತಾಳ್ಮೆ, ಸಾಂತ್ವನದ ಮಾತು, ಹೆಣ್ಣಿಗೆ ಹೆಣ್ಣು ಆಸರೆಯಾಗುವ ಆ ನಡೆ ಇವೆಲ್ಲವನ್ನೂ ಆಸ್ಪತ್ರೆಯ ಶುಚಿ, ಔಷಧಿ ಮತ್ತು ವಿಜ್ಞಾನದ ಜೊತೆ ಸೇರಿಸಿದರೆ ಆಗುವುದೇ ಇಂದಿನ ಮಿಡ್‌ವೈಫ್. ಈ ವಿದ್ಯೆ ಏನು, ಇದನ್ನು ಯಾರು ಕಲಿಯಬಹುದು, ಮನೆಯಲ್ಲಿ ಕುಳಿತ ನಮಗೆ ಇದರಲ್ಲಿ ಎಷ್ಟು ತಿಳಿದಿರಬೇಕು ಎಂಬುದನ್ನು ಈ ತಿಂಗಳು ನೋಡೋಣ.

ಖಲೀಫರ ಪತ್ನಿ ಮಾಡಿದ ಕೆಲಸ

ನಮ್ಮ ಮನೆಗಳಲ್ಲಿ ಹೇಳುವ ಒಂದು ಪ್ರಸಂಗ ನಿಮಗೆ ನೆನಪಿರಬಹುದು. ಖಲೀಫ ಉಮರ್(ರ) ರಾತ್ರಿ ಗಸ್ತು ತಿರುಗುತ್ತಿದ್ದಾಗ ಮದೀನಾದ ಹೊರಗೆ ಒಂದು ಗುಡಾರದಿಂದ ಹೆಣ್ಣಿನ ನರಳುವ ದನಿ ಕೇಳಿತು. ಹೊರ ಊರಿನಿಂದ ಬಂದ ಬಡವನ ಹೆಂಡತಿಗೆ ಹೆರಿಗೆ ನೋವು ಬಂದಿತ್ತು, ಜೊತೆಗೆ ಯಾವ ಹೆಂಗಸೂ ಇರಲಿಲ್ಲ. ಉಮರ್(ರ) ಮನೆಗೆ ಹೋಗಿ ಪತ್ನಿ ಉಮ್ಮು ಕುಲ್ಸೂಮ್(ರ)ರನ್ನು ಕರೆತಂದರು. ಅವರು ಗುಡಾರದೊಳಗೆ ಹೋಗಿ ಹೆರಿಗೆ ಮಾಡಿಸಿದರು. ಹೊರಗೆ ಖಲೀಫರು ತಾವೇ ಒಲೆ ಊದಿ ಅಡುಗೆ ಮಾಡಿದರು. ಒಂದು ಸಾಮ್ರಾಜ್ಯದ ಮುಖ್ಯಸ್ಥನ ಪತ್ನಿಗೆ ಹೆರಿಗೆ ಮಾಡಿಸುವುದು ಕೀಳು ಕೆಲಸ ಎನ್ನಿಸಲಿಲ್ಲ. ಹಾಗಿರುವಾಗ ನಮಗೇಕೆ ಅನ್ನಿಸಬೇಕು?

ಪವಿತ್ರ ಕುರ್‌ಆನಿನ ಮರ್ಯಮ್ ಅಧ್ಯಾಯವನ್ನೂ ಗಮನಿಸಿ. ಹೆರಿಗೆ ನೋವಿನಲ್ಲಿ ಖರ್ಜೂರದ ಮರದ ಬುಡಕ್ಕೆ ಬಂದ ಮರ್ಯಮ್(ಅ)ರಿಗೆ ದೊರೆತದ್ದು ಮೂರು: ದುಃಖಿಸಬೇಡ ಎಂಬ ಸಾಂತ್ವನ, ಕುಡಿಯಲು ನೀರು, ತಿನ್ನಲು ಖರ್ಜೂರ. ತೊಂದರೆಯಿಲ್ಲದ ಹೆರಿಗೆಯಲ್ಲಿ ತಾಯಿಯ ಜೊತೆ ಧೈರ್ಯ ಹೇಳುವವರು ಇರಬೇಕು, ಬಾಯಾರಿದಾಗ ನೀರು, ಹಸಿದಾಗ ಹಗುರ ಆಹಾರ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಈಗ ಹೇಳುತ್ತದೆ.

ತಾಯಂದಿರ ಸಾವು: ನಾವು ಎಲ್ಲಿದ್ದೇವೆ?

ಒಂದು ಲಕ್ಷ ಜೀವಂತ ಜನನಗಳಿಗೆ ಎಷ್ಟು ತಾಯಂದಿರು ಗರ್ಭಿಣಿಯಾಗಿರುವಾಗ, ಹೆರಿಗೆಯಲ್ಲಿ ಅಥವಾ ಅದಾದ 42 ದಿನಗಳೊಳಗೆ ಸಾಯುತ್ತಾರೆ ಎಂಬುದನ್ನು ತಾಯಿ ಮರಣ ಪ್ರಮಾಣ ಎನ್ನುತ್ತಾರೆ. 2018-20ರ ಲೆಕ್ಕದಲ್ಲಿ ಇದು ಭಾರತದಲ್ಲಿ 97, ಕರ್ನಾಟಕದಲ್ಲಿ 69, ಪಕ್ಕದ ಕೇರಳದಲ್ಲಿ 19. ಹಿಂದಿನ ದಶಕಗಳಿಗೆ ಹೋಲಿಸಿದರೆ ನಾವು ಬಹಳ ಸುಧಾರಿಸಿದ್ದೇವೆ. ಆದರೂ ಕೇರಳದ ಅಂಕಿ ನೋಡಿದರೆ, ನಮ್ಮಲ್ಲಿ ಸಾಯುವ ತಾಯಂದಿರಲ್ಲಿ ಹೆಚ್ಚಿನವರನ್ನು ಉಳಿಸಬಹುದಿತ್ತು ಎಂಬುದು ತಿಳಿಯುತ್ತದೆ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡದ್ದನ್ನು ನೀವು ಮರೆತಿರಲಾರಿರಿ. ಅದಾದ ಮೇಲೆ ರಾಜ್ಯ ಸರ್ಕಾರ ತಾಯಂದಿರ ಸಾವುಗಳ ಪರಿಶೀಲನೆ ಮಾಡಿಸಿತು. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ಸಾವುಗಳನ್ನು ನೋಡಿದ ತಜ್ಞರು, ಶೇ. 70ಕ್ಕೂ ಹೆಚ್ಚನ್ನು ತಡೆಯಬಹುದಿತ್ತು ಎಂದರು.

ನಮ್ಮ ರಾಜ್ಯದಲ್ಲಿ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅಂದರೆ ಆಸ್ಪತ್ರೆಗೆ ಹೋಗುವುದನ್ನು ನಮ್ಮ ಹೆಂಗಸರು ಕಲಿತಾಗಿದೆ. ಆಸ್ಪತ್ರೆಯಲ್ಲಿ ಪಕ್ಕದಲ್ಲಿ ನಿಂತು, ಗಂಟೆಗಟ್ಟಲೆ ಗಮನಿಸಿ, ಅಪಾಯವನ್ನು ಮೊದಲೇ ಗುರುತಿಸುವ ಕೈ ಇದೆಯೇ ಎಂಬುದೇ ಈಗಿನ ಪ್ರಶ್ನೆ.

ಮಿಡ್‌ವೈಫ್ ಮಾಡುವ ಕೆಲಸ ಏನು?

ಹೆರಿಗೆ ರೋಗವಲ್ಲ. ಹೆಚ್ಚಿನ ಹೆರಿಗೆಗಳು ತಾವಾಗಿಯೇ ಸುಸೂತ್ರವಾಗಿ ಆಗುತ್ತವೆ. ಆದರೆ ಯಾವುದು ಯಾವ ಗಳಿಗೆಯಲ್ಲಿ ಕೈತಪ್ಪುತ್ತದೆ ಎಂದು ಮೊದಲೇ ಹೇಳಲಾಗದು. ಆದ್ದರಿಂದ ಸುಸೂತ್ರ ಹೆರಿಗೆಗೆ ಅಡ್ಡಿ ಮಾಡದೆ ಕಾಯುವುದು, ತಪ್ಪು ದಾರಿ ಹಿಡಿದ ಹೆರಿಗೆಯನ್ನು ಬೇಗ ಗುರುತಿಸಿ ಡಾಕ್ಟರನ್ನು ಕರೆಯುವುದು ಇವೆರಡೂ ಮಿಡ್‌ವೈಫ್‌ನ ಕೆಲಸ. ಸಿಸೇರಿಯನ್ ಮಾಡುವುದು, ದೊಡ್ಡ ತೊಡಕುಗಳನ್ನು ನಿಭಾಯಿಸುವುದು ಸ್ತ್ರೀರೋಗ ತಜ್ಞರ ಕೆಲಸ. ಒಬ್ಬರು ಇನ್ನೊಬ್ಬರಿಗೆ ಬದಲಿ ಅಲ್ಲ.

ಹೆರಿಗೆ ಕೋಣೆಯಲ್ಲಿ ಅವಳ ಕೈಯಲ್ಲಿ ಪಾರ್ಟೋಗ್ರಾಫ್ ಎಂಬ ಹಾಳೆ ಇರುತ್ತದೆ. ಮಗುವಿನ ಎದೆಬಡಿತವನ್ನು ಅರ್ಧ ಗಂಟೆಗೊಮ್ಮೆ ಕೇಳಿ ಅದರಲ್ಲಿ ಗುರುತು ಹಾಕುತ್ತಾಳೆ. ನಿಮಿಷಕ್ಕೆ 110ರಿಂದ 160 ಇದ್ದರೆ ಸರಿ. ತಾಯಿಯ ನಾಡಿ, ರಕ್ತದೊತ್ತಡ, ನೋವು ಎಷ್ಟು ಸಲ ಎಷ್ಟು ಹೊತ್ತು ಬರುತ್ತಿದೆ, ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಎಲ್ಲವೂ ಆ ಒಂದೇ ಹಾಳೆಯಲ್ಲಿ. ಮಗು ಇಳಿಯುವುದು ನಿಂತರೆ, ಎದೆಬಡಿತ ತಗ್ಗಿದರೆ, ಆ ಹಾಳೆಯ ಗೆರೆಯೇ ಎಚ್ಚರಿಕೆ ಕೊಡುತ್ತದೆ. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ, ಬಿಟ್ಟುಹೋಗದೆ ಪಕ್ಕದಲ್ಲಿ ಕೂರುವವರು ಬೇಕು.

ಮಗು ಹುಟ್ಟಿದ ನಂತರದ ಗಳಿಗೆ ಇನ್ನೂ ಮುಖ್ಯ. ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಕಸ ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಂಡರೆ ಆ ರಕ್ತನಾಳಗಳ ಬಾಯಿ ಹಿಸುಕಿದಂತಾಗಿ ರಕ್ತ ನಿಲ್ಲುತ್ತದೆ. ಅದು ಸಡಿಲವಾಗಿಯೇ ಉಳಿದರೆ ಸ್ವಲ್ಪ ಹೊತ್ತಿನಲ್ಲೇ ತಾಯಿಯ ಜೀವಕ್ಕೆ ಕುತ್ತು. ಅದಕ್ಕಾಗಿಯೇ ಮಗು ಹುಟ್ಟಿದ ಒಂದು ನಿಮಿಷದೊಳಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುತ್ತಾರೆ. ಕಸ ಪೂರ್ತಿ ಬಂದಿದೆಯೇ ಎಂದು ಪರೀಕ್ಷಿಸುತ್ತಾರೆ. ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗಿದೆಯೇ ನೋಡುತ್ತಾರೆ. ಹೊಕ್ಕುಳಬಳ್ಳಿಯನ್ನು ಕೂಡಲೇ ಕತ್ತರಿಸದೆ ಒಂದರಿಂದ ಮೂರು ನಿಮಿಷ ಕಾಯುತ್ತಾರೆ, ಇದರಿಂದ ಮಗುವಿಗೆ ಹೆಚ್ಚು ರಕ್ತ ಸಿಗುತ್ತದೆ.

ಕೈ ತೊಳೆಯುವುದರ ಕಥೆ

1840ರ ದಶಕದಲ್ಲಿ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಇನ್ನೊಂದರಲ್ಲಿ ಮಿಡ್‌ವೈಫ್ ವಿದ್ಯಾರ್ಥಿನಿಯರು. ಮೊದಲನೆಯದರಲ್ಲಿ ನೂರಕ್ಕೆ ಸುಮಾರು 10 ಬಾಣಂತಿಯರು ಜ್ವರ ಬಂದು ಸಾಯುತ್ತಿದ್ದರು, ಎರಡನೆಯದರಲ್ಲಿ ಸುಮಾರು 4. ಮೊದಲ ವಿಭಾಗಕ್ಕೆ ಮಾತ್ರ ಹಾಕಬೇಡಿ ಎಂದು ಗರ್ಭಿಣಿಯರು ಅಂಗಲಾಚುತ್ತಿದ್ದರಂತೆ.

ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ ಕಾರಣ ಹುಡುಕಿದ. ವೈದ್ಯ ವಿದ್ಯಾರ್ಥಿಗಳು ಶವಪರೀಕ್ಷೆ ಮಾಡಿ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು, ಮಿಡ್‌ವೈಫ್‌ಗಳು ಶವ ಮುಟ್ಟುತ್ತಿರಲಿಲ್ಲ. ರೋಗ ಬರುತ್ತಿದ್ದುದು ಕೈಗಳ ಮೂಲಕ. 1847ರ ಮೇ ತಿಂಗಳಿಂದ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಅವನು ಕಡ್ಡಾಯ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ ಸುಮಾರು 2ಕ್ಕೆ ಇಳಿಯಿತು. ಆಗಿನ ದೊಡ್ಡ ವೈದ್ಯರು ಅವನ ಮಾತನ್ನು ಒಪ್ಪಲಿಲ್ಲ ಎಂಬುದು ಬೇರೆ ವಿಷಯ.

ದಿನಕ್ಕೆ ಐದು ಸಲ ವುಝೂ ಮಾಡುವ ನಮಗೆ ಕೈ ತೊಳೆಯುವುದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಆದರೂ ಒಂದು ಮಾತು ಗಮನಿಸಿ: ವುಝೂ ಇಬಾದತ್‌ಗೆ ಬೇಕಾದ ಶುದ್ಧಿ, ರೋಗಾಣು ಹೋಗಲು ಸೋಪು ಬೇಕು. ಹೆರಿಗೆಗೆ ಐದು ಶುಚಿಗಳನ್ನು ಕಲಿಸುತ್ತಾರೆ: ಶುಚಿಯಾದ ಕೈ, ಶುಚಿಯಾದ ಜಾಗ, ಬಳ್ಳಿ ಕತ್ತರಿಸಲು ಶುಚಿಯಾದ ಹೊಸ ಬ್ಲೇಡು, ಕಟ್ಟಲು ಶುಚಿಯಾದ ದಾರ, ಮತ್ತು ಏನೂ ಹಚ್ಚದ ಶುಚಿಯಾದ ಹೊಕ್ಕುಳು. ಕೊನೆಯದನ್ನೇ ನಮ್ಮ ಮನೆಗಳಲ್ಲಿ ಹೆಚ್ಚು ಮರೆಯುವುದು. ಎಣ್ಣೆ, ಅರಿಶಿನ, ಬೂದಿ, ಸುರ್ಮಾ, ಪೌಡರ್ ಯಾವುದೂ ಬೇಡ. ಒಣಗಿ ತಾನಾಗಿ ಬೀಳಲು ಬಿಡಿ. ಕೆಂಪಾದರೆ, ಕೀವು ಬಂದರೆ, ವಾಸನೆ ಬಂದರೆ ಡಾಕ್ಟರಿಗೆ ತೋರಿಸಿ.

ಬಾಣಂತಿಯನ್ನು ನೋಡಲು ಬರುವವರಿಗೂ ಇದೇ ನಿಯಮ. ಮಗುವನ್ನು ಎತ್ತಿಕೊಳ್ಳುವ ಮುಂಚೆ ಸೋಪಿನಿಂದ ಕೈ ತೊಳೆಯಲು ಹೇಳಿ. ಖಾಲಾ ಬೇಸರಿಸಿಕೊಂಡರೂ ಪರವಾಗಿಲ್ಲ. ನೆಗಡಿ, ಜ್ವರ ಇದ್ದವರು ದೂರದಿಂದಲೇ ದುಆ ಮಾಡಲಿ.

ವಿದ್ಯಾರ್ಥಿನಿಯರಿಗೊಂದು ಮನೆಪಾಠ: ತಾಯಿ ಕಾರ್ಡ್ ಓದಿ

ಹೈಸ್ಕೂಲು, ಪಿಯುಸಿ ಓದುತ್ತಿರುವ ತಂಗಿಯರೇ, ನಿಮ್ಮ ಮನೆಯಲ್ಲಿ ಭಾಭಿಯೋ ಆಪಾವೋ ಗರ್ಭಿಣಿಯಾಗಿದ್ದರೆ ಅವರ ತಾಯಿ ಕಾರ್ಡ್ ಕೇಳಿ ತೆಗೆದುಕೊಳ್ಳಿ. ಆಶಾ ಕಾರ್ಯಕರ್ತೆ ಅಥವಾ ಆರೋಗ್ಯ ಕೇಂದ್ರದ ಸಿಸ್ಟರ್ ಕೊಡುವ ಕಾರ್ಡ್ ಅದು. ಬಹಳ ಮನೆಗಳಲ್ಲಿ ಅದು ಬೀರುವಿನಲ್ಲಿ ಬಟ್ಟೆಯ ಕೆಳಗೆ ಇರುತ್ತದೆ. ಅದನ್ನು ಓದುವುದೇ ಈ ವಿದ್ಯೆಯ ಮೊದಲ ಪಾಠ.

ಹೆರಿಗೆಯ ದಿನಾಂಕ: ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಮತ್ತು ಏಳು ದಿನ ಸೇರಿಸಿ. ಜನವರಿ 1 ಆಗಿದ್ದರೆ ಅಕ್ಟೋಬರ್ 8. ಆ ದಿನವೇ ಹೆರಿಗೆ ಆಗಬೇಕೆಂದಿಲ್ಲ, ಎರಡು ವಾರ ಆಚೀಚೆ ಆಗಬಹುದು.

ಹಿಮೋಗ್ಲೋಬಿನ್: ಗರ್ಭಿಣಿಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಇದ್ದರೆ ಅಪಾಯ. ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತಹೀನತೆ ಇದೆ. ಇಂಥವರಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ಕಬ್ಬಿಣದ ಮಾತ್ರೆ, ಹೆರಿಗೆಯ ನಂತರ ಮತ್ತೆ 180, ಇದು ಸರ್ಕಾರದ ಕ್ರಮ. ಉಚಿತವಾಗಿ ಸಿಗುತ್ತದೆ. ಮಾತ್ರೆಯನ್ನು ಹಾಲು, ಚಹಾದ ಜೊತೆ ನುಂಗಬೇಡಿ. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಿ. ಊಟವಾದ ಕೂಡಲೇ ಸುಲೈಮಾನಿ ಕುಡಿಯುವ ಅಭ್ಯಾಸವಿದ್ದರೆ ಒಂದೆರಡು ಗಂಟೆ ತಡೆಯಿರಿ. ಚಹಾ ಕಬ್ಬಿಣಾಂಶವನ್ನು ಹೀರಿಕೊಳ್ಳಲು ಬಿಡುವುದಿಲ್ಲ. ನಿಂಬೆರಸ ಹಿಂಡಿದ ಸೊಪ್ಪು, ಬೇಳೆ, ಮಾಂಸ ಒಳ್ಳೆಯದು. ಮಲ ಕಪ್ಪಾಗುವುದು ಸಹಜ, ಹೆದರಿ ಮಾತ್ರೆ ನಿಲ್ಲಿಸಬೇಡಿ.

ರಕ್ತದೊತ್ತಡ: 140/90 ಅಥವಾ ಮೇಲಿದ್ದರೆ ಆಸ್ಪತ್ರೆಗೆ ತೋರಿಸಬೇಕು. ಜೊತೆಗೆ ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದುವುದು, ಮೇಲ್ಹೊಟ್ಟೆ ನೋವು ಇದ್ದರೆ ಅದೇ ದಿನ ಓಡಬೇಕು. ಫಿಟ್ಸ್ ಬರುವ ಮುನ್ಸೂಚನೆ ಅದು. ಫಿಟ್ಸ್ ಬಂದವರನ್ನು ದೆವ್ವ, ನಜರ್ ಎಂದು ಎಲ್ಲೆಲ್ಲಿಗೋ ಕರೆದೊಯ್ದು ಹೊತ್ತು ಕಳೆಯಬೇಡಿ. ದುಆ ಮಾಡುತ್ತಲೇ ಆಂಬುಲೆನ್ಸ್ ಕರೆಯಬಹುದು.

ರಕ್ತದ ಗುಂಪು: ತಾಯಿಯದು ನೆಗೆಟಿವ್ ಆಗಿದ್ದರೆ ಡಾಕ್ಟರಿಗೆ ಮತ್ತೆ ಮತ್ತೆ ನೆನಪಿಸಿ. ಮಗುವಿನದು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಆ್ಯಂಟಿ-ಡಿ ಚುಚ್ಚುಮದ್ದು ಬೇಕು. ತಪ್ಪಿದರೆ ಮುಂದಿನ ಮಗುವಿಗೆ ತೊಂದರೆ.

ಸಕ್ಕರೆ: ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆಯ ನಂತರ ಮಾಡುವ ಪರೀಕ್ಷೆ. 140 ಅಥವಾ ಮೇಲಿದ್ದರೆ ಗರ್ಭಿಣಿ ಸಕ್ಕರೆ ಕಾಯಿಲೆ. ಬಿರಿಯಾನಿ, ಮಿಠಾಯಿಯ ಮನೆಗಳಲ್ಲಿ ಇದನ್ನು ಹಗುರವಾಗಿ ನೋಡಬೇಡಿ.

ಮಗುವಿನ ಚಲನೆ ಕಡಿಮೆಯಾದರೆ, ಯಾವುದೇ ತಿಂಗಳಲ್ಲಿ ರಕ್ತ ಕಂಡರೆ, ನೋವಿಲ್ಲದೆ ನೀರು ಹೋದರೆ, ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ.

ಮೂರು ತಡಗಳು

ತಾಯಂದಿರ ಸಾವಿನ ಹಿಂದೆ ಮೂರು ಬಗೆಯ ತಡ ಇರುತ್ತದೆ ಎಂದು ತಜ್ಞರು ಗುರುತಿಸಿದ್ದಾರೆ.

ಮೊದಲನೆಯದು ತೀರ್ಮಾನದಲ್ಲಿ ತಡ. ಗಂಡ ಕೆಲಸದಿಂದ ಬರಲಿ, ಅತ್ತೆಯನ್ನು ಕೇಳೋಣ, ಲೇಡಿ ಡಾಕ್ಟರ್ ಇದ್ದಾರೋ ಇಲ್ಲವೋ ನೋಡೋಣ ಎನ್ನುವಷ್ಟರಲ್ಲಿ ಎರಡು ಗಂಟೆ ಕಳೆದಿರುತ್ತದೆ. ಅಪಾಯದ ಲಕ್ಷಣ ಕಂಡರೆ ಯಾರನ್ನೂ ಕೇಳದೆ ಹೊರಡಬಹುದು ಎಂದು ಮನೆಯ ಹಿರಿಯರು ಮೊದಲೇ ಸೊಸೆಗೆ ಹೇಳಿಬಿಡಲಿ. ಮಹಿಳಾ ವೈದ್ಯರು ಇದ್ದರೆ ಅವರಲ್ಲಿಗೆ ಹೋಗುವುದು ಸರಿ, ಇಲ್ಲದಿದ್ದರೆ ಜೀವ ಉಳಿಸಲು ಪುರುಷ ವೈದ್ಯರಿಂದ ಚಿಕಿತ್ಸೆ ಪಡೆಯಲು ಶರೀಅತ್‌ನಲ್ಲಿ ಅನುಮತಿ ಇದೆ. ಅನಿವಾರ್ಯತೆಯಲ್ಲಿ ನಿಷಿದ್ಧವೂ ಸಡಿಲವಾಗುತ್ತದೆ ಎಂಬುದು ಉಲಮಾಗಳು ಒಪ್ಪುವ ನಿಯಮ. ಈ ಮಾತನ್ನು ಇಮಾಮರು ಜುಮಾ ದಿನ ಹೇಳಿದರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು.

ಎರಡನೆಯದು ದಾರಿಯಲ್ಲಿ ತಡ. ನಾವು ನಗರದಲ್ಲಿದ್ದೇವೆ, ಇದು ನಮಗಲ್ಲ ಎನ್ನಬೇಡಿ. ಸಂಜೆ ಹೊತ್ತು ಕೆಂಗೇರಿಯಿಂದ ಹೊರಟು ನಾಯಂಡಹಳ್ಳಿ ದಾಟುವುದು, ಮಾಗಡಿ ರಸ್ತೆಯಲ್ಲಿ ಮುಂದೆ ಸಾಗುವುದು ಎಷ್ಟು ಕಷ್ಟ ಎಂದು ನಿಮಗೇ ಗೊತ್ತು. ಏಳನೆಯ ತಿಂಗಳಲ್ಲೇ ಕುಳಿತು ಬರೆದಿಡಿ: ಹೆರಿಗೆ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ಆಗದಿದ್ದರೆ ಎಲ್ಲಿಗೆ, ರಾತ್ರಿ ಯಾರ ಗಾಡಿ, ರಕ್ತ ಕೊಡುವ ಇಬ್ಬರು ಯಾರು, ಮನೆಯ ಬೇರೆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಉಚಿತ. ಪಾಲಿಕೆಯ ಹೆರಿಗೆ ಆಸ್ಪತ್ರೆ ನಿಮ್ಮ ಬಡಾವಣೆಗೆ ಯಾವುದು ಹತ್ತಿರ ಎಂದು ಮೊದಲೇ ಹೋಗಿ ನೋಡಿ ಬನ್ನಿ. ಇಎಸ್‌ಐ ಕಾರ್ಡ್ ಇರುವ ಕಾರ್ಮಿಕರ ಕುಟುಂಬಗಳಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಇದೆ. ದೊಡ್ಡ ತೊಡಕುಗಳಿಗೆ ಕೆ.ಆರ್. ಮಾರ್ಕೆಟ್ ಬಳಿಯ ವಾಣಿವಿಲಾಸ ಆಸ್ಪತ್ರೆ ಇದೆ. ತಪಾಸಣೆಯ ದಿನಗಳಲ್ಲಿ ವಿಜಯನಗರ, ಕೆಂಗೇರಿ ಕಡೆಯವರು ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಬಂದು, ಹಸಿರು ಮಾರ್ಗ ಹಿಡಿದು ಮಾರ್ಕೆಟ್ ನಿಲ್ದಾಣದಲ್ಲಿ ಇಳಿಯಬಹುದು.

ಮೂರನೆಯದು ಆಸ್ಪತ್ರೆ ತಲುಪಿದ ಮೇಲಿನ ತಡ. ಸಿಬ್ಬಂದಿ ಸಾಲದು, ರಕ್ತ ಇಲ್ಲ, ನೋಡುವವರಿಲ್ಲ. ಇದನ್ನು ಒಂದು ಮನೆ ಸರಿಮಾಡಲಾಗದು. ಹೆಚ್ಚು ತರಬೇತಾದ ಕೈಗಳು ಬೇಕು. ನಮ್ಮ ಮಾತು ಮತ್ತೆ ಮಿಡ್‌ವೈಫ್‌ಗೇ ಬಂದು ನಿಲ್ಲುತ್ತದೆ.

ನಿಮ್ಮ ಹಕ್ಕುಗಳು

2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಆದರೂ ಸಹ, ಉಚಿತ. ಔಷಧಿ, ಪರೀಕ್ಷೆ, ರಕ್ತ, ಊಟ, ಮನೆಗೆ ಬಿಡುವ ವಾಹನ ಎಲ್ಲವೂ ಸೇರಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ವಿಶೇಷ ತಪಾಸಣೆ ಇರುತ್ತದೆ. ಅಂಗನವಾಡಿಯಲ್ಲಿ ಹೆಸರು ಬರೆಸಿದರೆ ಮಾತೃಪೂರ್ಣ ಯೋಜನೆಯ ಊಟ ಸಿಗುತ್ತದೆ.

ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬ ಹೆಣ್ಣು ಇರಲು ಕೇಂದ್ರ ಸರ್ಕಾರ 2016ರಲ್ಲೇ ಅವಕಾಶ ಕೊಟ್ಟಿದೆ. ಹೆತ್ತ ಅನುಭವ ಇರುವ ಅಮ್ಮಿ, ಆಪಾ ಪಕ್ಕದಲ್ಲಿದ್ದರೆ ತಾಯಿಗೆ ಧೈರ್ಯ. ಪರದೆ ಎಳೆಯಿರಿ, ಮೈ ಮುಚ್ಚಲು ಬಟ್ಟೆ ಕೊಡಿ, ಸಾಧ್ಯವಿದ್ದರೆ ಮಹಿಳಾ ಸಿಬ್ಬಂದಿ ಇರಲಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಕೂಗಾಡದೆ, ಸೌಜನ್ಯದಿಂದ ಕೇಳಿ. ನೋವು ತಿನ್ನುವವಳನ್ನು ಬೈಯುವುದು, ಹೊಡೆಯುವುದು ಚಿಕಿತ್ಸೆಯಲ್ಲ, ಯಾವ ಜಾತಿ ಧರ್ಮದ ಹೆಣ್ಣಿಗೂ ಅದು ಆಗಬಾರದು.

ಸಿಸೇರಿಯನ್ ಬಗ್ಗೆ ಒಂದು ಮಾತು. 2019-21ರ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31 ಹೆರಿಗೆಗಳು ಸಿಸೇರಿಯನ್ ಆಗಿದ್ದವು, ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಬೇಕಾದಾಗ ಅದು ಜೀವ ಉಳಿಸುತ್ತದೆ, ಆಗ ಬೇಡ ಎಂದು ಹಟ ಹಿಡಿಯಬಾರದು. ಏಕೆ ಬೇಕು ಎಂದು ಡಾಕ್ಟರನ್ನು ಕೇಳುವುದು ಮಾತ್ರ ನಿಮ್ಮ ಹಕ್ಕು.

ನಲವತ್ತು ದಿನಗಳಲ್ಲಿ

ನಿಫಾಸ್‌ನ ದಿನಗಳಲ್ಲಿ ಬಾಣಂತಿಗೆ ನೀರು ಕಡಿಮೆ ಕೊಡುವ, ಕಿಟಕಿ ಮುಚ್ಚಿ ಹೊಗೆ ಹಾಕುವ ರೂಢಿ ಇನ್ನೂ ಇದೆ. ಇದು ತಪ್ಪು. ಹಾಲುಣಿಸುವವಳಿಗೆ ನೀರು ಹೆಚ್ಚು ಬೇಕು, ಮಗುವಿನ ಎದೆಗೆ ಹೊಗೆ ವಿಷ. ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆದರೆ, ದುರ್ವಾಸನೆ ಬಂದರೆ, ಚಳಿ ಜ್ವರ ಬಂದರೆ ಅದು ಮಾಮೂಲಿ ರಕ್ತಸ್ರಾವವಲ್ಲ, ಆಸ್ಪತ್ರೆಗೆ ಹೋಗಿ.

ಹುಟ್ಟಿದ ಒಂದು ಗಂಟೆಯೊಳಗೆ ಮೊದಲ ಹಳದಿ ಹಾಲು ಕುಡಿಸಿ. ಅದು ಕೊಳಕು ಹಾಲಲ್ಲ, ಮಗುವಿನ ಮೊದಲ ಲಸಿಕೆ ಎನ್ನಬಹುದು. ಜೇನುತುಪ್ಪವನ್ನು ಒಂದು ವರ್ಷದೊಳಗೆ ಕೊಡಬೇಡಿ, ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ಎಳೆಗೂಸಿಗೆ ಪ್ರಾಣಾಂತಿಕ. ತಹ್‌ನೀಕ್ ಮಾಡಿಸಬೇಕೆಂದಿರುವವರು ಮಕ್ಕಳ ಡಾಕ್ಟರೊಡನೆ ಮಾತಾಡಿ, ಕಾಯಿಲೆಯಿಲ್ಲದವರು, ಕೈ ಬಾಯಿ ಶುಚಿ ಮಾಡಿಕೊಂಡವರು ಮಾತ್ರ ಮಾಡಲಿ. ಆರು ತಿಂಗಳು ಎದೆಹಾಲು ಮಾತ್ರ, ನಂತರ ಇತರ ಆಹಾರದ ಜೊತೆ ಎರಡು ವರ್ಷ. ಕುರ್‌ಆನ್ ಹೇಳುವ ಅವಧಿಯೂ ಅದೇ.

ಗರ್ಭಿಣಿಯರಿಗೂ ಹಾಲುಣಿಸುವವರಿಗೂ ರಮಝಾನಿನ ಉಪವಾಸದಲ್ಲಿ ರಿಯಾಯಿತಿ ಇದೆ. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು 'ನಾವೆಲ್ಲ ಹಿಡಿದಿಲ್ಲವೇ' ಎಂದು ಸೊಸೆಯಿಂದ ಕಿತ್ತುಕೊಳ್ಳಬೇಡಿ.

ಮಗಳನ್ನು ಈ ವಿದ್ಯೆಗೆ ಕಳಿಸುವಿರಾ?

ಶಿವಾಜಿನಗರದ ಘೋಷಾ ಆಸ್ಪತ್ರೆಯ ಹೆಸರು ಎಲ್ಲರಿಗೂ ಗೊತ್ತು. ಗೋಷಾ ಎಂದರೆ ಪರ್ದಾ. ಪರ್ದಾ ಪಾಲಿಸುವ ಹೆಂಗಸರಿಗೆ ಹೆರಿಗೆಗೆ ತಕ್ಕ ಜಾಗ ಇರಲಿ ಎಂದು ಹಾಜಿ ಸರ್ ಇಸ್ಮಾಯಿಲ್ ಸೇಠ್ ಕಟ್ಟಿಸಿಕೊಟ್ಟದ್ದು ಅದು. ಇಂದಿಗೂ ಎಲ್ಲ ಧರ್ಮದ ತಾಯಂದಿರು ಅಲ್ಲಿ ಹೆರುತ್ತಾರೆ. ನಮ್ಮ ಹಿರಿಯರು ಹೆಂಗಸರನ್ನು ಮನೆಯಲ್ಲೇ ಇರಿಸಿ ಸುಮ್ಮನಾಗಲಿಲ್ಲ, ಅವರಿಗೆ ಒಪ್ಪುವ ಆಸ್ಪತ್ರೆ ಕಟ್ಟಿದರು.

ಈಗ ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಹೆರಿಗೆಗೆ ಹೆಂಗಸರೇ ಬೇಕು ಎನ್ನುತ್ತೇವೆ. ಆದರೆ ಮಗಳು ನರ್ಸಿಂಗ್ ಓದುತ್ತೇನೆ ಎಂದರೆ ರಾತ್ರಿ ಪಾಳಿ, ಗಂಡಸರ ವಾರ್ಡು, ಸಂಬಂಧ ಬರುವುದಿಲ್ಲ ಎಂದು ತಡೆಯುತ್ತೇವೆ. ಎಲ್ಲರೂ ಹೀಗೆ ತಡೆದರೆ ನಮ್ಮ ಹೆರಿಗೆ ಮಾಡಿಸಲು ಹೆಂಗಸರು ಎಲ್ಲಿಂದ ಬರಬೇಕು? ಆತಂಕಗಳು ಸುಳ್ಳಲ್ಲ. ಹಾಸ್ಟೆಲ್, ಬಸ್ಸು, ಉಡುಪು, ನಮಾಝ್ ಬಗ್ಗೆ ಕಾಲೇಜಿನಲ್ಲಿ ಮೊದಲೇ ವಿಚಾರಿಸಿ. ಹೆರಿಗೆ ವಿಭಾಗದ ಕೆಲಸವಂತೂ ಹೆಂಗಸರ ನಡುವೆಯೇ ಇರುವ ಕೆಲಸ. ಪ್ರವಾದಿಯವರ(ಸ) ಕಾಲದಲ್ಲಿ ರುಫೈದಾ(ರ) ಮಸೀದಿಯ ಬಳಿ ಗುಡಾರ ಹಾಕಿ ಗಾಯಾಳುಗಳ ಆರೈಕೆ ಮಾಡಿದ್ದರು.

ದಾರಿಗಳು ಹೀಗಿವೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರು ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಸೇರಬಹುದು. ಆರ್ಟ್ಸ್, ಕಾಮರ್ಸ್ ಓದಿದವರಿಗೆ ಮೂರು ವರ್ಷದ ಜಿಎನ್‌ಎಂ, ಎರಡು ವರ್ಷದ ಎಎನ್‌ಎಂ ಇವೆ. ಈ ಮೂರರಲ್ಲೂ ಹೆರಿಗೆ ಶುಶ್ರೂಷೆ ಪಾಠದ ಭಾಗ. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮಿಡ್‌ವೈಫರಿ ಸೇವೆಯ ಮಾರ್ಗಸೂಚಿ ಹೊರಡಿಸಿತು. ಅದರಂತೆ ಅನುಭವ ಇರುವ ನರ್ಸ್‌ಗಳಿಗೆ 18 ತಿಂಗಳ ವಿಶೇಷ ತರಬೇತಿ ಕೊಟ್ಟು, ಸಹಜ ಹೆರಿಗೆಯನ್ನು ಅವರೇ ನೋಡಿಕೊಳ್ಳುವ ಘಟಕಗಳನ್ನು ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ತೆರೆಯಬೇಕು. ಜಗತ್ತಿಗೆ ಇನ್ನೂ 9 ಲಕ್ಷ ಮಿಡ್‌ವೈಫ್‌ಗಳ ಕೊರತೆ ಇದೆ ಎಂದು 2021ರ ಜಾಗತಿಕ ವರದಿ ಹೇಳಿತು. ಕಲಿತವಳಿಗೆ ಕೆಲಸ ಸಿಗುವುದು ಕಷ್ಟವಲ್ಲ.

ಸೇರುವ ಮೊದಲು ಕಾಲೇಜಿಗೆ ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ, ಹೆರಿಗೆ ನಡೆಯುವ ಆಸ್ಪತ್ರೆಯಲ್ಲಿ ನಿಜವಾಗಿ ತರಬೇತಿ ಕೊಡುತ್ತಾರೆಯೇ ನೋಡಿ. ಬೆಂಗಳೂರಿನಲ್ಲಿ ನರ್ಸಿಂಗ್ ಕಾಲೇಜುಗಳು ಬಹಳ, ಎಲ್ಲವೂ ಒಂದೇ ಅಲ್ಲ. ಏಜೆಂಟರಿಗೆ ಹಣ ಕೊಡಬೇಡಿ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಜಮಾಅತ್‌ಗಳು ಪ್ರತಿ ವರ್ಷ ಮೊಹಲ್ಲಾದ ಒಬ್ಬ ಹುಡುಗಿಯ ನರ್ಸಿಂಗ್ ಶುಲ್ಕ ವಹಿಸಿಕೊಂಡರೆ ಹತ್ತು ವರ್ಷದಲ್ಲಿ ಹತ್ತು ಮಂದಿ ತಯಾರಾಗುತ್ತಾರೆ.

ಪ್ರತಿ ವರ್ಷ ಮೇ 5 ಅಂತಾರಾಷ್ಟ್ರೀಯ ಮಿಡ್‌ವೈಫ್ ದಿನ. ಅಲ್ಲಿಯವರೆಗೆ ಕಾಯಬೇಕಿಲ್ಲ. ಇವತ್ತೇ ಮನೆಯ ತಾಯಿ ಕಾರ್ಡ್ ಹೊರತೆಗೆಯಿರಿ, 108 ನಂಬರನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಮಗಳಿಗೆ ಕಾರ್ಡ್ ಓದಲು ಹೇಳಿ. ಅವಳಿಗೆ ಅದರಲ್ಲಿ ಆಸಕ್ತಿ ಹುಟ್ಟಿದರೆ ತಡೆಯಬೇಡಿ. ಒಂದು ಜೀವ ಉಳಿಸಿದವರಿಗೆ ಅಲ್ಲಾಹನ ಬಳಿ ಎಂಥ ಪ್ರತಿಫಲವಿದೆ ಎಂದು ನಿಮಗೆ ಗೊತ್ತು. ಹೆರಿಗೆ ಕೋಣೆಯಲ್ಲಿ ಉಳಿಯುವುದು ಒಂದಲ್ಲ, ಎರಡು ಜೀವ.